ಜಾವಾ, ಯೆಜ್ಡಿ ಸ್ಟಾರ್ಟ್ ಆಗದಿದ್ದಾಗ: ಮೊದಲು ಬ್ಯಾಟರಿ, ಆಮೇಲೆ ಕಿಕ್

ಹತ್ತು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗಲಿಲ್ಲವೆಂದರೆ ಹನ್ನೊಂದನೆಯದಕ್ಕೂ ಆಗುವುದಿಲ್ಲ. ಹೊಡೆದಷ್ಟೂ ಕ್ರ್ಯಾಂಕ್‌ಕೇಸಿನೊಳಗೆ ಪೆಟ್ರೋಲ್ ತುಂಬುತ್ತದೆ, ಪ್ಲಗ್ ನೆನೆಯುತ್ತದೆ, ಒಂದಿದ್ದ ತೊಂದರೆ ಎರಡಾಗುತ್ತದೆ. ಕಾಲು ಸೋತ ಮೇಲೆ ಹುಡುಕುವುದಕ್ಕಿಂತ ಮೂರನೇ ಕಿಕ್ಕಿಗೇ ನಿಲ್ಲಿಸಿ, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಕೀ ತೆಗೆದು ಹುಡುಕಲು ಶುರುಮಾಡಿ.

ಇಲ್ಲಿ ಹೇಳುವುದೆಲ್ಲ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿ.ಸಿ. ಟೂ ಸ್ಟ್ರೋಕ್ ಗಾಡಿಗಳಿಗೆ: ಜಾವಾ, ಯೆಜ್ಡಿ ಕ್ಲಾಸಿಕ್, ರೋಡ್‌ಕಿಂಗ್ ಇತ್ಯಾದಿ. 2018ರಿಂದ ಈಚೆಗೆ ಬಂದ ಹೊಸ ಜಾವಾ, ಯೆಜ್ಡಿಗಳು ಫ್ಯೂಯಲ್ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ಗಾಡಿಗಳು, ಅವುಗಳ ವಿಷಯವೇ ಬೇರೆ. ಹಳೆಯ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಇವತ್ತು ರಸ್ತೆಯಲ್ಲಿರುವ ಅತಿ ಕಿರಿಯ ಹಳೇ ಯೆಜ್ಡಿಗೂ ಮೂವತ್ತರ ಆಸುಪಾಸು. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಕೈಕೊಡುವುದು ವೈರು, ರಬ್ಬರು, ಕನೆಕ್ಷನ್ನು.

ಬ್ಯಾಟರಿಯಿಂದಲೇ ಏಕೆ ಶುರು

ಹಳೇ ಸ್ಕೂಟರು, ಮೊಪೆಡ್ಡುಗಳಲ್ಲಿ ಮ್ಯಾಗ್ನೆಟ್ ತಿರುಗಿದರೆ ಸಾಕು, ಕಿಡಿ ಬರುತ್ತದೆ. ಬ್ಯಾಟರಿ ಸತ್ತಿದ್ದರೂ ಗಾಡಿ ಓಡುತ್ತದೆ. ನಮ್ಮ ಜಾವಾದಲ್ಲಿ ಹಾಗಲ್ಲ. ಇಲ್ಲಿ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ಹೋಗುವುದು 6 ವೋಲ್ಟಿನ ಬ್ಯಾಟರಿಯಿಂದ. ಗಾಡಿ ಓಡಲು ಶುರುವಾದ ಮೇಲಷ್ಟೇ ಡೈನಮೊ ಆ ಕೆಲಸ ವಹಿಸಿಕೊಳ್ಳುತ್ತದೆ. ಬ್ಯಾಟರಿ ಸೋತಿದ್ದರೆ ಪ್ಲಗ್, ಪಾಯಿಂಟ್ (ಕಾಯಿಲ್ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು), ಕಾರ್ಬೊರೇಟರ್ ಎಲ್ಲವೂ ಹೊಸದಿದ್ದರೂ ಪ್ರಯೋಜನವಿಲ್ಲ. ಇದನ್ನು ಮರೆತು ಕಾರ್ಬೊರೇಟರ್ ಬಿಚ್ಚಲು ಕೂರುವವರೇ ಹೆಚ್ಚು.

ಮೊಳೆಯಂಥ ಕೀಯನ್ನು ಹೆಡ್‌ಲೈಟಿನ ಸ್ವಿಚ್ಚಿಗೆ ಒತ್ತಿದಾಗ ಚಾರ್ಜಿಂಗಿನ ಕೆಂಪು ದೀಪ ಪ್ರಖರವಾಗಿ ಹತ್ತಬೇಕು. ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ. ಹತ್ತಲೇ ಇಲ್ಲವೆಂದರೆ ನಾಲ್ಕು ಕಡೆ ನೋಡಿ: ಬಲ್ಬು, ಬ್ಯಾಟರಿಯಿಂದ ಹೊರಟ ವೈರಿನಲ್ಲಿರುವ ಫ್ಯೂಸು, ಬ್ಯಾಟರಿಯ ಎರಡೂ ಟರ್ಮಿನಲ್ಲು, ಮತ್ತು ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟು. ಕೀಯನ್ನು ಅತ್ತಿತ್ತ ಅಲ್ಲಾಡಿಸಿದಾಗ ದೀಪ ಮಿಣುಕಿದರೆ ಸ್ವಿಚ್ಚಿನಲ್ಲೇ ಕೊಳೆ ಕೂತಿದೆ. ಫ್ಯೂಸಿನ ಎರಡು ತುದಿಯಲ್ಲಿ ಹಸಿರು ಪಾಚಿಯಂಥ ತುಕ್ಕು ಕಂಡರೆ ಎಮರಿ ಪೇಪರಿನಲ್ಲಿ ಉಜ್ಜಿ. ಒಳಗಿನ ತಂತಿ ಸರಿ ಕಂಡರೂ ತುದಿಯಲ್ಲಿ ಕರೆಂಟ್ ದಾಟದಿರುವುದು ಬಹಳ ಸಾಮಾನ್ಯ. 12 ವೋಲ್ಟಿನಲ್ಲಿ ಲೆಕ್ಕಕ್ಕೆ ಬಾರದ ಸಣ್ಣ ತುಕ್ಕು 6 ವೋಲ್ಟಿನಲ್ಲಿ ಗಾಡಿಯನ್ನೇ ನಿಲ್ಲಿಸುತ್ತದೆ.

ಮಲ್ಟಿಮೀಟರ್ ಇದ್ದರೆ ಕೀ ಹಾಕದೆ ಬ್ಯಾಟರಿ ಅಳೆಯಿರಿ. ತುಂಬಿದ ಬ್ಯಾಟರಿ 6.3 ವೋಲ್ಟಿನ ಮೇಲೆ ತೋರಿಸಬೇಕು. 6ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಲೇಬೇಕು. ಈಗ ಕೀ ಹಾಕಿ ಮತ್ತೆ ನೋಡಿ. ಪಾಯಿಂಟ್ ಮುಚ್ಚಿಕೊಂಡಿರುವ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಸ್ವಲ್ಪ ಇಳಿಯುವುದು ಸಹಜ. ಸರ್ರನೆ 5.5ರ ಕೆಳಗೆ ಬಿದ್ದರೆ ಒಂದು ಸೆಲ್ ಹೋಗಿದೆ ಎಂದೇ ಲೆಕ್ಕ. ಚಾರ್ಜ್ ಮಾಡಿಸಿದರೂ ಎರಡು ದಿನಕ್ಕೆ ಇದೇ ಕಥೆ.

ಚಾರ್ಜ್ ಮಾಡುವಾಗ ಬ್ಯಾಟರಿಯ ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗದಷ್ಟು ಕರೆಂಟ್ ಕೊಡಿ. 12 ಆಂಪಿಯರ್ ಅವರ್ ಬ್ಯಾಟರಿಗೆ 1.2 ಆಂಪಿಯರ್, ಸುಮಾರು ಹತ್ತು ಗಂಟೆ. ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರ್‌ವೆಲ್ ನೀರು ಬೇಡವೇ ಬೇಡ. ಅವಸರಕ್ಕೆ ಕಾರಿನ 12 ವೋಲ್ಟ್ ಬ್ಯಾಟರಿಯಿಂದ ವೈರ್ ಎಳೆಯಬೇಡಿ. ಬಲ್ಬುಗಳು ಒಂದೇ ಏಟಿಗೆ ಹೋಗುತ್ತವೆ, ಕಾಯಿಲ್ ಕಾಯುತ್ತದೆ. ಬ್ಯಾಟರಿ ಬಿಚ್ಚುವ ಮೊದಲು ಯಾವ ಟರ್ಮಿನಲ್ ಚಾಸಿಗೆ ಅರ್ತ್ ಆಗಿದೆ ಎಂದು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಹಾಗೆಯೇ ವಾಪಸ್ ಹಾಕಿ.

12 ವೋಲ್ಟಿನ ಸಿ.ಡಿ.ಐ. ಕಿಟ್ (ಪಾಯಿಂಟ್ ಇಲ್ಲದೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಹಾಕಿಸಿಕೊಂಡ ಗಾಡಿಗಳಿಗೆ ಈ ಭಾಗವೂ ಮುಂದಿನ ಪಾಯಿಂಟ್ ಭಾಗವೂ ಅನ್ವಯಿಸುವುದಿಲ್ಲ. ಪ್ಲಗ್, ಪೆಟ್ರೋಲ್, ಕಂಪ್ರೆಶನ್ ಮಾತ್ರ ಎಲ್ಲರಿಗೂ ಒಂದೇ.

ಪ್ಲಗ್ ಏನು ಹೇಳುತ್ತದೆ

ಬ್ಯಾಟರಿ ಸರಿಯಿದೆ ಎಂದಾದ ಮೇಲೆ ಪ್ಲಗ್ ಬಿಚ್ಚಿ. ಬಿಚ್ಚಿದ ಕೂಡಲೇ ಒರೆಸಬೇಡಿ, ಮೊದಲು ಮೂಗಿಗೆ ಹಿಡಿಯಿರಿ, ಬೆರಳಿನಲ್ಲಿ ಮುಟ್ಟಿ ನೋಡಿ.

ಪೆಟ್ರೋಲಿನಲ್ಲಿ ತೊಯ್ದು ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಕಿಡಿಯ ಕಡೆ ಹೋಗಿ. ಒಣಗಿ ಕರಕಲಾಗಿದ್ದರೆ ಪೆಟ್ರೋಲೇ ಮೇಲೆ ಬರುತ್ತಿಲ್ಲ. ಕಪ್ಪು ಜಿಡ್ಡು ಅಂಟಿದ್ದರೆ ಆಯಿಲ್ ಜಾಸ್ತಿಯಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಸೀಲು ಹೋಗಿದೆ (ಅದರ ಮಾತು ಮುಂದೆ ಬರುತ್ತದೆ). ಟೂ ಸ್ಟ್ರೋಕಿಗೇ ಮೀಸಲಾದ ಇನ್ನೊಂದು ಕಾಟವಿದೆ: ಪ್ಲಗ್ಗಿನ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಕಾರ್ಬನ್ ಸೇತುವೆ ಕಟ್ಟಿಕೊಂಡಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುತ್ತದೆ. ಚೆನ್ನಾಗಿ ಓಡುತ್ತಿದ್ದ ಗಾಡಿ ಸಿಗ್ನಲ್ಲಿನಲ್ಲಿ ಫಟ್ಟನೆ ನಿಂತು ಮತ್ತೆ ಹತ್ತದಿದ್ದರೆ ಮೊದಲ ಅನುಮಾನ ಇದರ ಮೇಲೇ. ಉಗುರಿನಲ್ಲಿ ಕೆರೆದರೆ ಹೋಗುತ್ತದೆ.

ಕಿಡಿ ನೋಡುವುದು ಹೀಗೆ. ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಹೆಡ್ಡಿನ ರೆಕ್ಕೆಗೆ ಗಟ್ಟಿಯಾಗಿ ತಾಗಿಸಿ. ಪ್ಲಗ್ ತೂತಿನಿಂದ ಒಂದು ಗೇಣು ದೂರವಿರಲಿ, ಯಾಕೆಂದರೆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ತಾಗಿದರೆ ಬೆಂಕಿ. ಕೀ ಹಾಕಿ ಇನ್ನೊಬ್ಬರಿಂದ ಕಿಕ್ ಹೊಡೆಸಿ. ನೀಲಿ ಬಣ್ಣದ ದಪ್ಪ ಕಿಡಿ ಚಟ್ ಎಂದು ಸದ್ದು ಮಾಡುತ್ತ ಹಾರಿದರೆ ಸರಿ. ಹಳದಿಯಾಗಿ ಬಡಕಲಾಗಿದ್ದರೆ ಪಾಯಿಂಟ್ ಅಥವಾ ಕಂಡೆನ್ಸರ್ (ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಬಿಡಿಭಾಗ) ನೋಡಬೇಕು. ಏನೂ ಬಾರದಿದ್ದರೆ ಹೊಸ ಪ್ಲಗ್ ಹಾಕಿ ಇನ್ನೊಮ್ಮೆ ನೋಡಿ. ಹಳೇ ಪ್ಲಗ್ ಹೊರಗೆ ಕಿಡಿ ಕೊಟ್ಟು ಒಳಗೆ ಕಂಪ್ರೆಶನ್ನಿನಲ್ಲಿ ಕೊಡದಿರುವುದೂ ಉಂಟು. ಆದ್ದರಿಂದ ಸೀಟಿನ ಕೆಳಗೆ ಒಂದು ಹೊಸ ಪ್ಲಗ್ ಯಾವಾಗಲೂ ಇರಲಿ.

ಆಷಾಢದ ಜಿಟಿಜಿಟಿ ಮಳೆಯಲ್ಲೋ, ವಿ.ಸಿ. ನಾಲೆ ಏರಿಯ ಕೆಸರು ನೀರು ಎರಚಿದಾಗಲೋ ನಿಂತ ಗಾಡಿಯಲ್ಲಿ ಪ್ಲಗ್ ಕ್ಯಾಪ್ ಬಿಚ್ಚಿ ಒಳಗೂ ಹೊರಗೂ ಒರೆಸಿ. ಕತ್ತಲಲ್ಲಿ ಕಿಕ್ ಹೊಡೆದರೆ ಸೀಳಿದ ಹೆಚ್.ಟಿ. ವೈರಿನಿಂದ (ಕಾಯಿಲ್‌ನಿಂದ ಪ್ಲಗ್ಗಿಗೆ ಬರುವ ದಪ್ಪ ವೈರು) ಕಿಡಿ ಹೊರಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ವೈರಿನ ತುದಿ ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಕ್ಯಾಪನ್ನು ಮತ್ತೆ ತಿರುಗಿಸಿ ಕೂರಿಸಿ.

ಪಾಯಿಂಟು, ಕಂಡೆನ್ಸರು, ಕಾಯಿಲ್ಲು: ಒಂದು ಬಲ್ಬಿನ ಕೆಲಸ

ಎಂಜಿನ್ನಿನ ಬಲಗಡೆಯ ಕವರ್ ಬಿಚ್ಚಿದರೆ ಡೈನಮೊ, ಅದರ ಮೇಲೆ ಪಾಯಿಂಟ್ ಕಾಣುತ್ತದೆ. ಇಲ್ಲಿ ಊಹೆ ಮಾಡುತ್ತ ಒಂದೊಂದೇ ಸಾಮಾನು ಬದಲಿಸಿದರೆ ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. 6 ವೋಲ್ಟಿನ ಒಂದು ಚಿಕ್ಕ ಬಲ್ಬಿಗೆ ಎರಡು ವೈರ್ ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಅದರ ಒಂದು ವೈರು ಸದಾ ಎಂಜಿನ್ನಿನ ಲೋಹಕ್ಕೆ ತಾಗಿರಲಿ. ಕೀ ಹಾಕಿ.

ಮೊದಲು ಇನ್ನೊಂದು ವೈರನ್ನು ಕಾಯಿಲ್‌ಗೆ ಬ್ಯಾಟರಿ ಕಡೆಯಿಂದ ಬರುವ ಟರ್ಮಿನಲ್ಲಿಗೆ ಮುಟ್ಟಿಸಿ. ಬಲ್ಬು ಹತ್ತಬೇಕು. ಹತ್ತಲಿಲ್ಲವೆಂದರೆ ಸ್ವಿಚ್ಚಿನಿಂದ ಕಾಯಿಲ್ ತನಕದ ವೈರಿಂಗಿನಲ್ಲಿ ಎಲ್ಲೋ ಕಡಿದಿದೆ; ಪಾಯಿಂಟ್ ಮುಟ್ಟುವುದೇ ಬೇಡ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದಿರುತ್ತದೆ, ಟ್ಯಾಂಕಿನ ಕೆಳಗಿನ ವೈರುಗಳನ್ನು ಬೆರಳಾಡಿಸಿ ನೋಡಿ.

ಇಲ್ಲಿ ಹತ್ತಿತು ಎಂದಾದರೆ ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ಟರ್ಮಿನಲ್ಲಿಗೆ ಮುಟ್ಟಿಸಿ. ಪ್ಲಗ್ ಬಿಚ್ಚಿಟ್ಟು, ಆರ್ಮೇಚರಿನ (ಡೈನಮೊದ ತಿರುಗುವ ಭಾಗ) ಮಧ್ಯದ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಬೋಲ್ಟ್ ಬಿಗಿಯಾಗುವ ದಿಕ್ಕಿಗೇ ಎಂಜಿನ್ ನಿಧಾನ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಹಾಗೆ ಆಗುತ್ತಿದ್ದರೆ ಪಾಯಿಂಟಿನ ಕಡೆ ದಾರಿ ಸರಿಯಿದೆ.

ಬಲ್ಬು ಆರುವುದೇ ಇಲ್ಲ ಎಂದರೆ ಪಾಯಿಂಟ್ ಮುಚ್ಚಿದ ಹಾಗೆ ಕಂಡರೂ ಕರೆಂಟ್ ದಾಟುತ್ತಿಲ್ಲ: ಮೇಲೆ ಎಣ್ಣೆ ಪಸೆ ಅಥವಾ ಕರಿ ಕೂತಿದೆ, ಇಲ್ಲವೇ ಪಾಯಿಂಟಿಗೆ ಬರುವ ಸಣ್ಣ ವೈರ್ ತುಂಡಾಗಿದೆ. ಬಲ್ಬು ಹತ್ತುವುದೇ ಇಲ್ಲ ಎಂದರೆ ಕಾಯಿಲ್‌ನಿಂದ ಪಾಯಿಂಟಿಗೆ ಹೋಗುವ ವೈರನ್ನು ಬಿಚ್ಚಿ ಕಾಯಿಲ್ ಟರ್ಮಿನಲ್ಲಿಗೆ ಮತ್ತೆ ಮುಟ್ಟಿಸಿ. ಈಗ ಹತ್ತಿತೋ, ಕಾಯಿಲ್ ಸರಿಯಿದೆ. ಪಾಯಿಂಟಿನ ಇನ್ಸುಲೇಷನ್ ವಾಷರ್ ಒಡೆದಿದೆ ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ. ಈಗಲೂ ಹತ್ತಲಿಲ್ಲವೋ, ಕಾಯಿಲ್ ಒಳಗೇ ಕಡಿದಿದೆ.

ಪಾಯಿಂಟ್ ಉಜ್ಜಲು 400 ನಂಬರಿನ ಎಮರಿ ಪೇಪರ್ ಸಾಕು. ಉಜ್ಜಿದ ಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದವನ್ನು ಎರಡು ಪಾಯಿಂಟಿನ ನಡುವೆ ಸಿಕ್ಕಿಸಿ ಎಳೆಯಿರಿ. ಕಾಗದ ಬಿಳಿಯಾಗಿಯೇ ಹೊರಬರುವ ತನಕ ಬಿಡಬೇಡಿ. ಎಮರಿಯ ಪುಡಿ ಒಂದು ಕಣ ಉಳಿದರೂ ಪಾಯಿಂಟ್ ಸುಡುತ್ತದೆ. ಆಮೇಲೆ ಪಾಯಿಂಟ್ ಪೂರ್ತಿ ತೆರೆದ ಜಾಗಕ್ಕೆ ಎಂಜಿನ್ ತಿರುಗಿಸಿ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.4 ಮಿಲಿಮೀಟರ್ ಗ್ಯಾಪ್ ಇಡಿ. ಗೇಜ್ ಇಲ್ಲದೆ ಮದ್ದೂರಿನ ಹತ್ತಿರ ರಸ್ತೆ ಬದಿ ನಿಂತಿದ್ದರೆ ದಪ್ಪನೆಯ ವಿಸಿಟಿಂಗ್ ಕಾರ್ಡಿನಷ್ಟು ಇಟ್ಟುಕೊಂಡು ಮನೆ ಸೇರಬಹುದು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ ಎಂಬುದು ನೆನಪಿರಲಿ. ಮನೆಗೆ ಬಂದ ಮೇಲೆ ಇದೇ ಟೆಸ್ಟ್ ಲ್ಯಾಂಪ್ ಹಾಕಿಕೊಂಡು, ಪಿಸ್ಟನ್ ಮೇಲ್ತುದಿಗೆ ಬರುವ ಮುಂಚೆ ನಿಮ್ಮ ಮಾದರಿಯ ಮ್ಯಾನುಯಲ್ ಹೇಳುವಷ್ಟು ಮಿಲಿಮೀಟರ್ ಕೆಳಗಿರುವಾಗ ಬಲ್ಬು ಹತ್ತುತ್ತದೆಯೇ ಎಂದು ನೋಡಿ ಸರಿಮಾಡಿ. ಕ್ಯಾಮ್ ಒರೆಸುವ ಫೆಲ್ಟಿಗೆ ಒಂದೇ ಒಂದು ತೊಟ್ಟು ಎಣ್ಣೆ. ಎರಡು ತೊಟ್ಟಾದರೆ ಅದು ಪಾಯಿಂಟಿನ ಮೇಲೇ ಹೋಗಿ ಕೂರುತ್ತದೆ.

ಗಾಡಿ ಹೇಗೋ ಹತ್ತಿಕೊಂಡು ಓಡುತ್ತಿರುವಾಗ ಪಾಯಿಂಟಿನಲ್ಲಿ ದೊಡ್ಡ ದೊಡ್ಡ ಕಿಡಿ ಹಾರುತ್ತಿದ್ದರೆ, ಪ್ಲಗ್ಗಿನಲ್ಲಿ ಮಾತ್ರ ಬಡಕಲು ಕಿಡಿಯಿದ್ದರೆ ಕಂಡೆನ್ಸರ್ ಸತ್ತಿದೆ. ಅದರ ಇನ್ನೊಂದು ಗುರುತು: ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಹತ್ತುವ ಗಾಡಿ ಚಾಮುಂಡಿ ಬೆಟ್ಟ ಹತ್ತಿ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಹತ್ತುವುದಿಲ್ಲ. ಕಾಯಿಲ್ ಕೆಟ್ಟಿದ್ದರೂ ಇದೇ ಲಕ್ಷಣ. ಎರಡನ್ನೂ ಬಿಡಿಸಿ ನೋಡಲು, ಬಿಸಿಯಿರುವಾಗಲೇ ಕಾಯಿಲ್ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಬಿಡಿ (ಟರ್ಮಿನಲ್ಲಿಗೆ ನೀರು ತಾಗದಂತೆ). ಕಿಡಿ ವಾಪಸ್ ಬಂದರೆ ಕಾಯಿಲ್ಲೇ ಕಳ್ಳ. ಕಂಡೆನ್ಸರ್ ಬದಲಿಸುವುದಾದರೆ ಹಳೆಯದನ್ನು ಎಸೆಯಬೇಡಿ. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರುಗಳ ಗುಣ ಒಂದೇ ಸಮ ಇರುವುದಿಲ್ಲ, ಹೋಲಿಸಿ ನೋಡಲು ಹಳೆಯದು ಬೇಕಾಗುತ್ತದೆ.

ಇದೆಲ್ಲ ಮಾಡುವಾಗ ಕೀ ಹಾಕಿಟ್ಟು ಕಾಫಿಗೆ ಹೋಗಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ವಾಪಸ್ ಬರುವಷ್ಟರಲ್ಲಿ ಕಾಯಿಲ್ ಕೈಸುಡುವಷ್ಟು ಕಾದಿರುತ್ತದೆ, ಬ್ಯಾಟರಿ ಇಳಿದಿರುತ್ತದೆ.

ಪೆಟ್ರೋಲ್ ಕಡೆ

ಕಿಡಿ ನೀಲಿಯಾಗಿದೆ, ಗಾಡಿ ಹತ್ತುತ್ತಿಲ್ಲ. ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದು ಟ್ಯಾಪ್ ತಿರುಗಿಸಿ. ಪೆನ್ಸಿಲ್ ಗಾತ್ರದ ಧಾರೆ ನಿಲ್ಲದೆ ಬರಬೇಕು. ಚೆನ್ನಾಗಿ ಶುರುವಾಗಿ ಒಂದು ನಿಮಿಷದಲ್ಲಿ ತೊಟ್ಟಿಕ್ಕಲು ತೊಡಗಿದರೆ ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದೆ. ಮುಚ್ಚಳ ಸಡಿಲಿಸಿದ ಕೂಡಲೇ ಧಾರೆ ವಾಪಸ್ ಬರುತ್ತದೆ. ಮೊದಲಿನಿಂದಲೇ ಸಣ್ಣಗಿದ್ದರೆ ಟ್ಯಾಪಿನ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ತುಂಬಿದೆ.

ಆ ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ಗಾಜಿನದಾದರೆ ಒಳ್ಳೆಯದು. ಕೆಳಗೆ ಬೇರೆ ಪದರ ಕಂಡರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಿತಿ ಮೀರಿದಾಗ ನೀರು ಎಥನಾಲಿನ ಜೊತೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪೆಟ್ರೋಲ್ ಟ್ಯಾಪ್ ಎಳೆಯುವುದೂ ತಳದಿಂದಲೇ. ಇಂಥ ಪೆಟ್ರೋಲನ್ನು ಪೂರ್ತಿ ಚೆಲ್ಲಿ ಹೊಸದು ಹಾಕುವುದೊಂದೇ ದಾರಿ. ಹಳೇ ರಬ್ಬರ್ ಪೈಪುಗಳನ್ನೂ ಎಥನಾಲ್ ಉಬ್ಬಿಸುತ್ತದೆ, ಒಳಗಿನ ಪದರ ಕಿತ್ತು ಬಂದು ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಕಟ್ಟುತ್ತದೆ. ಪೈಪ್ ಮೆತ್ತಗಾಗಿದ್ದರೆ ಬದಲಿಸಿಬಿಡಿ.

ಪೈಪ್ ವಾಪಸ್ ಹಾಕಿ, ಕಾರ್ಬೊರೇಟರಿನ ಟಿಕ್ಲರ್ (ಫ್ಲೋಟನ್ನು ಅದುಮಿ ಪೆಟ್ರೋಲ್ ತುಂಬಿಸುವ ಪುಟ್ಟ ಗುಂಡಿ) ಒತ್ತಿ. ಎರಡು ಮೂರು ಸೆಕೆಂಡಿನಲ್ಲಿ ಪೆಟ್ರೋಲ್ ಒಸರಬೇಕು. ಒಸರಲಿಲ್ಲವೆಂದರೆ ಫ್ಲೋಟ್ ಸೂಜಿ ಅಂಟಿಕೊಂಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಲೋಟ್ ಬೌಲಿಗೆ ಮೆಲ್ಲಗೆ ಎರಡು ಸಲ ತಟ್ಟಿದರೆ ಬಿಟ್ಟುಕೊಳ್ಳುವುದುಂಟು. ಟಿಕ್ಲರ್ ಒತ್ತದೆಯೇ ಸುರಿಯುತ್ತಿದ್ದರೆ ಸೂಜಿ ಕೂರುವ ಜಾಗದಲ್ಲಿ ಕಸವಿದೆ.

ಕಾರ್ಬೊರೇಟರ್ ಬಿಚ್ಚಲೇಬೇಕಾದರೆ ಮುಖ್ಯವಾಗಿ ನೋಡಬೇಕಾದ್ದು ಐಡಲ್ ಜೆಟ್. ತೂತು ಅಷ್ಟು ಸಣ್ಣದು. ಬೆಳಕಿಗೆ ಹಿಡಿದರೆ ದುಂಡನೆಯ ಬೆಳಕಿನ ಚುಕ್ಕಿ ಕಾಣಬೇಕು. ಗಾಳಿ ಊದಿ ಬಿಡಿಸಿ, ಆಗದಿದ್ದರೆ ಟೂತ್ ಬ್ರಷ್ಷಿನ ಒಂದು ಎಳೆ. ಗುಂಡುಪಿನ್ನು, ತಂತಿ ಬೇಡ: ಜೆಟ್ ಹಿತ್ತಾಳೆಯದ್ದು, ತೂತು ದೊಡ್ಡದಾದರೆ ಮತ್ತೆ ಆ ಗಾಡಿ ನೆಟ್ಟಗೆ ಓಡುವುದಿಲ್ಲ.

ಎರಡು ತಿಂಗಳು ನಿಂತ ಗಾಡಿಯಲ್ಲಿ ಜೆಟ್ ಕಟ್ಟುವುದೇಕೆಂದರೆ ಫ್ಲೋಟ್ ಬೌಲಿನ ಪೆಟ್ರೋಲ್ ಆವಿಯಾಗಿ ಹೋಗಿ ಬೆರೆಸಿದ್ದ ಆಯಿಲ್ ಮಾತ್ರ ಉಳಿದು ಅಂಟಾಗಿರುತ್ತದೆ. ಆಯಿಲ್ ಅಳತೆಯಲ್ಲಿ ವಾದ ಬಹಳ. ಈ ಎಂಜಿನ್ನುಗಳಿಗೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ 2ಟಿ ಆಯಿಲ್, ಅಂದರೆ 25ಕ್ಕೆ 1, ನಂಬಬಹುದಾದ ಅಳತೆ. ಐದು ಲೀಟರ್ ಹಾಕಿಸಿದರೆ 200 ಮಿಲಿಲೀಟರ್. ಹೊಗೆ ಕಡಿಮೆಯಾಗಲಿ ಎಂದು ಇದನ್ನು ಅರ್ಧಕ್ಕಿಳಿಸಿದವರ ಪಿಸ್ಟನ್ ಬೇಸಿಗೆಯಲ್ಲಿ ಹಿಡಿದುಕೊಳ್ಳುತ್ತದೆ.

ಏರ್ ಫಿಲ್ಟರ್ ಕೂಡ ತೆರೆದು ನೋಡಿ. ಮಂಡ್ಯದ ಕಡೆ ಆಲೆಮನೆ ಅಂಗಳದಲ್ಲಿ ನಿಲ್ಲುವ ಗಾಡಿಗಳಲ್ಲಿ ಕಬ್ಬಿನ ರಚ್ಚಿನ ಪುಡಿ ತುಂಬಿ ಉಸಿರು ಕಟ್ಟಿರುತ್ತದೆ. ಸೈಲೆನ್ಸರಿನ ತುದಿಗೂ ಒಂದು ಕಡ್ಡಿ ಹಾಕಿ ನೋಡಿ: ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಟೂ ಸ್ಟ್ರೋಕಿಗೆ ಹೊಗೆ ಹೋಗಲು ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಗೆ ಬರುವುದಿಲ್ಲ.

ಪೆಟ್ರೋಲ್ ಕುಡಿದ ಎಂಜಿನ್

ಅತಿಯಾಗಿ ಟಿಕ್ಲರ್ ಒತ್ತಿದ, ಅತಿಯಾಗಿ ಕಿಕ್ ಹೊಡೆದ ಗಾಡಿಗೆ ಮದ್ದು: ಪೆಟ್ರೋಲ್ ಟ್ಯಾಪ್ ಮುಚ್ಚಿ, ಕೀ ತೆಗೆದು, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಎಂಟು ಹತ್ತು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ಪೆಟ್ರೋಲ್ ಹನಿ ಚಿಮ್ಮುತ್ತದೆ, ಮುಖ ದೂರವಿರಲಿ, ಸುತ್ತ ಯಾರೂ ಬೀಡಿ ಹಚ್ಚದಿರಲಿ. ಹತ್ತು ನಿಮಿಷ ಬಿಟ್ಟು, ಒಣಗಿದ ಪ್ಲಗ್ ಹಾಕಿ, ಟ್ಯಾಪ್ ಮುಚ್ಚಿಕೊಂಡೇ ಅರ್ಧ ಆಕ್ಸಿಲರೇಟರಿನಲ್ಲಿ ಹೊಡೆಯಿರಿ. ಹತ್ತಿದ ಮೇಲೆ ಟ್ಯಾಪ್ ತೆರೆಯಿರಿ. ಮೊದಲ ಎರಡು ನಿಮಿಷ ಹೊಗೆ ಬರುತ್ತದೆ, ಗಾಬರಿ ಬೇಡ.

ಕಿಕ್ ಹೊಡೆದಾಗ ಕಾಲಿಗೆ ತಿಳಿಯುವುದು

ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಒತ್ತಿದಾಗ ಎಂಜಿನ್ ಎದುರು ತಳ್ಳಬೇಕು. ಎದುರೇ ಇಲ್ಲದೆ ಜಾರಿದ ಹಾಗೆ ಕೆಳಗಿಳಿದರೆ ಮೊದಲು ಕ್ಲಚ್ ಕೇಬಲ್ ನೋಡಿ. ಕೇಬಲ್ ಅತಿ ಬಿಗಿಯಾಗಿದ್ದರೆ ಕ್ಲಚ್ ಅರ್ಧ ಬಿಟ್ಟುಕೊಂಡಿರುತ್ತದೆ, ಕಿಕ್ಕಿನ ಬಲ ಎಂಜಿನ್ನಿಗೆ ಮುಟ್ಟುವುದಿಲ್ಲ. ಕೈ ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಆಟ ಬಿಟ್ಟರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕೇಬಲ್ ಸರಿಯಿದ್ದೂ ಎದುರಿಲ್ಲವೆಂದರೆ ಪ್ಲಗ್ ತೂತಿಗೆ ಹೆಬ್ಬೆರಳಿಟ್ಟು ಕಿಕ್ ಹೊಡೆಸಿ. ಗಾಳಿ ಬೆರಳನ್ನು ಎತ್ತಿ ಎಸೆಯಬೇಕು. ಮೆಲ್ಲಗೆ ಉಸಿರು ಬಿಟ್ಟಂತಾದರೆ ರಿಂಗ್, ಬೋರ್ ಕೆಲಸ.

ಲಿವರ್ ಅಲುಗುವುದೇ ಇಲ್ಲವೆಂದರೆ ಮೇಲೆ ನಿಂತು ಜಿಗಿಯಬೇಡಿ. ಪಿಸ್ಟನ್ ಹಿಡಿದಿದೆ. ಪೂರ್ತಿ ತಣ್ಣಗಾಗಲು ಬಿಟ್ಟು, ಪ್ಲಗ್ ತೂತಿನಿಂದ ಎರಡು ಚಮಚ 2ಟಿ ಆಯಿಲ್ ಬಿಟ್ಟು, ಅರ್ಧ ಗಂಟೆಯ ನಂತರ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟುಕೊಂಡರೂ ಅದೇ ದಿನ ಓಡಿಸಬೇಡಿ. ಹೆಡ್ ಬಿಚ್ಚಿಸಿ ಬೋರಿನಲ್ಲಿ ಗೀರು ಬಿದ್ದಿದೆಯೇ ನೋಡಿಸಿ.

ಮನೆಯಲ್ಲಿ ಆಗದ ಕೆಲಸವೆಂದರೆ ಕ್ರ್ಯಾಂಕಿನ ಆಯಿಲ್ ಸೀಲು. ಬಲಗಡೆಯ ಸೀಲು ಹೋದರೆ ಡೈನಮೊ ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಸ್ಟಾರ್ಟಿಂಗ್ ಕಷ್ಟ, ಹತ್ತಿದ ಮೇಲೆ ತಾನಾಗಿಯೇ ರೇಸ್ ಆಗುತ್ತದೆ, ಡೈನಮೊ ಮೇಲೆ ಎಣ್ಣೆ ಪಸೆ ಕಾಣುತ್ತದೆ. ಎಡಗಡೆಯದು ಹೋದರೆ ಗೇರ್ ಆಯಿಲ್ಲನ್ನೇ ಕುಡಿಯುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್‌ಬಾಕ್ಸಿನ ಮಟ್ಟ ವಾರ ವಾರ ಇಳಿಯುತ್ತದೆ, ಪ್ಲಗ್ ಜಿಡ್ಡಾಗುತ್ತದೆ. ಮೆಕ್ಯಾನಿಕ್ಕು "ಏನಣ್ಣ, ಕರೆಂಟ್ ಬರ್ತಾ ಇದ್ಯಾ?" ಎಂದು ಕೇಳಿದಾಗ "ಬರ್ತಾ ಇದೆ, ನೀಲಿ ಕಿಡಿ, ಪೆಟ್ರೋಲೂ ಸರಿಯಿದೆ, ಗೇರ್ ಆಯಿಲ್ ಇಳೀತಾ ಇದೆ" ಎಂದು ಹೇಳಿಬಿಟ್ಟರೆ ಅವರು ನೇರವಾಗಿ ಸೀಲಿಗೇ ಕೈಹಾಕುತ್ತಾರೆ, ನಿಮಗೆ ಒಂದು ದಿನದ ಕೂಲಿ ಉಳಿಯುತ್ತದೆ.

ತಿಂಗಳುಗಟ್ಟಲೆ ನಿಲ್ಲಿಸುವ ಮುಂಚೆ

ಕೊನೆಯ ಸಲ ಓಡಿಸಿ ಬಂದಾಗ ಮನೆಗೆ ಅರ್ಧ ಕಿಲೋಮೀಟರ್ ಇರುವಾಗಲೇ ಟ್ಯಾಪ್ ಮುಚ್ಚಿ, ಬೌಲ್ ಖಾಲಿಯಾಗಿ ಎಂಜಿನ್ ತಾನೇ ಆರುವ ತನಕ ಬಿಡಿ. ನಿಂತ ಕೂಡಲೇ ಕೀ ತೆಗೆಯಿರಿ. ಟ್ಯಾಂಕ್ ಭರ್ತಿಯಿರಲಿ, ಖಾಲಿ ಜಾಗದಲ್ಲೇ ತೇವ ಕೂತು ತುಕ್ಕು ಹಿಡಿಯುವುದು. ಬ್ಯಾಟರಿ ಬಿಚ್ಚಿ ಮನೆಯೊಳಗಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಸೈಲೆನ್ಸರ್ ತುದಿಗೆ ಬಟ್ಟೆ ತುರುಕಿ, ಅದರ ಒಂದು ತುದಿ ಹೊರಗೆ ಜೋಲುವಂತೆ ಬಿಡಿ, ಮತ್ತೆ ಹೊರತೆಗೆಯುವಾಗ ಕಣ್ಣಿಗೆ ಬೀಳಬೇಕು. ಜುಲೈ ಎರಡನೇ ಭಾನುವಾರದ ಜಾವಾ ಯೆಜ್ಡಿ ದಿನಕ್ಕೆ ಗಾಡಿ ಹೊರತೆಗೆಯುವವರು ಹಿಂದಿನ ವಾರವೇ ಬ್ಯಾಟರಿ ಕೂರಿಸಿ, ಟ್ಯಾಂಕ್ ಅಲ್ಲಾಡಿಸಿ ಆಯಿಲ್ ಬೆರೆಯುವಂತೆ ಮಾಡಿ, ಕೀ ಹಾಕದೆ ನಾಲ್ಕೈದು ಸಲ ಮೆಲ್ಲಗೆ ಕಿಕ್ ಒತ್ತಿ, ಆಮೇಲೆ ಟಿಕ್ಲರ್ ಒಸರಿಸಿ ಕೀ ಹಾಕಿ ಒಂದು ಗಟ್ಟಿ ಕಿಕ್ ಹೊಡೆಯಿರಿ.